ಹಡಗಿಗೆ ಮೊಲದ ಸಾರು ಒಯ್ದ ಎರಾಸ್ಮೊ

ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಎರಡು ದೇಶ ಸೇರಿದ ಕಡೆ ಒಂದು ಬೋಲ್ಟು ಕೂಡ ಸುಮ್ಮನೆ ಕೂರುವುದಿಲ್ಲ. ಇದನ್ನು ಎರಾಸ್ಮೊ ಸ್ತಾನ್ಯಾರೊನಷ್ಟು ಚೆನ್ನಾಗಿ ಬಲ್ಲವರು ಫ್ರಾನ್ಸಿನ ಲೋರಿಯಾಂಟ್ ಊರಿನ ಹಡಗುಕಟ್ಟೆಯಲ್ಲಿ ಬೇರೆಯವರೂ ಇರಬಹುದು. ಆದರೆ ಅದನ್ನು ಅವನಷ್ಟು ಬಯ್ದುಕೊಂಡು ಓಡಾಡಿದವರು ಯಾರೂ ಇಲ್ಲ.

ಎರಾಸ್ಮೊ ಇಟಲಿಯವನು. ಜಿನೋವಾದಿಂದ ಆಚೆ, ಗುಡ್ಡಕ್ಕೂ ಕಡಲಿಗೂ ನಡುವೆ ಒತ್ತಿಕೊಂಡು ಕೂತ ರೀವಾ ಎಂಬ ಊರು ಅವನದು. ಆ ಊರಿನಲ್ಲಿ ಗಂಡುಮಗು ಹುಟ್ಟಿದರೆ ಹಡಗುಕಟ್ಟೆಗೊಂದು ಆಳು ಬಂತು ಎಂದೇ ಅರ್ಥ. ಅಪ್ಪ ತಗಡು ಬೆಸೆಯುತ್ತಿದ್ದ, ಮಗ ದಂಡ ಕೂರಿಸುವುದು ಕಲಿತ. ದಂಡ ಎಂದರೆ ಎಂಜಿನ್ನಿನಿಂದ ಹೊರಟು ಹಡಗಿನ ಬಾಲದ ರೆಕ್ಕೆಚಕ್ರದವರೆಗೆ ಹೋಗುವ ಉದ್ದನೆಯ ಉಕ್ಕಿನ ಕಂಬ. ಅದನ್ನು ಬೇರಿಂಗುಗಳ ಮೇಲೆ ಕೂದಲೆಳೆಯಷ್ಟೂ ವಾರೆಯಾಗದಂತೆ ಮಲಗಿಸಬೇಕು. ಬಿಸಿಲು ಬಿದ್ದರೆ ಹಡಗಿನ ಬೆನ್ನೇ ಬಾಗುತ್ತದೆ, ಆದ್ದರಿಂದ ಬೆಳಗಿನ ತಂಪಿನಲ್ಲಿ ಅಳೆಯಬೇಕು. ಆ ಹೊತ್ತಿನಲ್ಲಿ ಎರಾಸ್ಮೊನನ್ನು ಮಾತಾಡಿಸಿದವರಿಗೆ ಅವರ ತಾಯಿಯಿಂದ ಹಿಡಿದು ಮುತ್ತಜ್ಜಿಯವರೆಗೆ ಪೂಜೆಯಾಗುತ್ತಿತ್ತು.

ಇಟಲಿ, ಫ್ರಾನ್ಸ್ ಎರಡೂ ಸರಕಾರಗಳು ಸೇರಿ ಒಂದೇ ನಕ್ಷೆಯ ಮೇಲೆ ಫ್ರಿಗೇಟು ಎಂಬ ಯುದ್ಧಹಡಗುಗಳನ್ನು ಕಟ್ಟೋಣ, ಅವಳಿ ಮಕ್ಕಳ ಹಾಗೆ ಇರಲಿ ಎಂದು ಕೈಕುಲುಕಿದ ಮೇಲೆ ಅವನನ್ನು ಫ್ರಾನ್ಸಿನ ಬ್ರಿಟನಿ ಸೀಮೆಯ ಈ ಸದಾ ಮಳೆಯ ಊರಿಗೆ ಕಳಿಸಿದರು. ಫ್ರೆಂಚರ ಹಡಗಾದರೂ ದಂಡದ ಬೇರಿಂಗುಗಳು ಇಟಲಿಯವು, ಹಾಗಾಗಿ ಕೂರಿಸುವ ಕೈಯೂ ಇಟಲಿಯದೇ ಆಗಬೇಕಿತ್ತು. ಅವಳಿ ಎಂದು ಶುರುವಾದವು ಹೊರಗೆ ಬರುವ ಹೊತ್ತಿಗೆ ದಾಯಾದಿಗಳಾಗಿದ್ದವು. ಅವರಿಗೆ ಅವರ ರೇಡಾರೇ ಬೇಕು, ಇವರಿಗೆ ಇವರ ಫಿರಂಗಿಯೇ ಬೇಕು. ಏಣಿಯ ಮೆಟ್ಟಿಲು ಎಷ್ಟು ಎತ್ತರ ಇರಬೇಕೆಂದು ಒಂದು ಸಮಿತಿ ಕೂತಿತು. ಅದು ಎದ್ದ ಮೇಲೆ ಏಣಿಯ ಪಕ್ಕದ ಕಂಬಿಗೆ ಇನ್ನೊಂದು ಕೂತಿತು. ಒಮ್ಮೆ ದೊಡ್ಡ ಬೇರಿಂಗೊಂದನ್ನು ಕ್ರೇನಿಗೆ ನೇತುಹಾಕಿ ಅರ್ಧ ಇಳಿಸಿದ್ದಾರೆ, ಮಧ್ಯಾಹ್ನದ ಗಂಟೆ ಹೊಡೆಯಿತು, ಫ್ರೆಂಚರು ಊಟಕ್ಕೆ ಹೋದರು. ಅವರು ಬೆಣ್ಣೆ ಮೆತ್ತಿದ ಬಾಯಿ ಒರೆಸಿಕೊಂಡು ಬರುವಷ್ಟರಲ್ಲಿ ಇಟಲಿಯವರ ಊಟದ ಹೊತ್ತಾಯಿತು, ಅವರು ಎದ್ದು ಹೋದರು. ಬೇರಿಂಗು ಗಾಳಿಯಲ್ಲಿ ತೂಗಾಡುತ್ತಾ ಎರಡು ದೇಶಗಳ ಊಟ ಕಾಯಿತು. ಅದರ ಕೆಳಗೆ ಎರಾಸ್ಮೊ ಒಬ್ಬನೇ ಉಪವಾಸ ನಿಂತು ಎರಡೂ ಭಾಷೆಯಲ್ಲಿ ಬಯ್ಯುತ್ತಿದ್ದ.

ಇಷ್ಟೆಲ್ಲ ಬಯ್ದರೂ ಆ ಕೆಲಸ ಬಿಡದಿರಲು ಒಂದು ಕಾರಣವಿತ್ತು. ಜೀವಮಾನವೆಲ್ಲ ದಂಡ ಕೂರಿಸಿದ ಮನುಷ್ಯ ಒಂದು ಸಲವೂ ತಾನು ಕೂರಿಸಿದ ದಂಡದ ಮೇಲೆ ಕಡಲಿಗೆ ಹೋಗಿರಲಿಲ್ಲ. ಹಡಗು ಕಟ್ಟೆಯಲ್ಲಿ ನಿಂತಾಗ ದಂಡ ಮೂಕ. ಪೂರ್ತಿ ವೇಗದಲ್ಲಿ, ಅಲೆಯ ಮೇಲೆ, ಬಿಸಿಯಾದಾಗ ಮಾತ್ರ ಅದು ಬಾಯಿಬಿಡುತ್ತದೆ. ಆ ಪರೀಕ್ಷಾ ಯಾನಕ್ಕೆ ಯಾರು ಹತ್ತಬೇಕೆಂದು ಮೇಲಿನವರು ಜಾಗ ಹಂಚುತ್ತಾರೆ. ಮೊದಲ ಹಡಗಿಗೆ ಅವನ ಹೆಸರಿತ್ತು, ಕೊನೇ ಗಳಿಗೆಯಲ್ಲಿ ಪಾಲುದಾರ ದೇಶದವರು ನಮಗೊಬ್ಬ ವೀಕ್ಷಕ ಹೆಚ್ಚಿಗೆ ಬೇಕು ಎಂದರು, ಎರಾಸ್ಮೊ ಇಳಿದ. ಎರಡನೆಯದಕ್ಕೆ ತಾಯಿ ತೀರಿಕೊಂಡಳು. ಮೂರನೆಯದಕ್ಕೆ ಕಂಪನಿಯ ದೊಡ್ಡವರೊಬ್ಬರ ಅಳಿಯನಿಗೆ ಕಡಲಗಾಳಿ ಬೇಕಾಗಿತ್ತು. ಪ್ರತಿ ಸಲವೂ ದಡದಲ್ಲಿ ನಿಂತು ಕಾದು, ಬಂದವರನ್ನು ಕೇಳುತ್ತಿದ್ದ. "ಚೆನ್ನಾಗಿ ಓಡ್ತು" ಅನ್ನುತ್ತಿದ್ದರು. ಮದುವೆ ಸೀರೆ ನೇಯ್ದವನಿಗೆ ಮದುವೆಗೆ ಕರೆಯದೆ, ಆಮೇಲೆ ದಾರಿಯಲ್ಲಿ ಸಿಕ್ಕಾಗ "ಸೀರೆ ಚೆನ್ನಾಗಿತ್ತು ಕಣಯ್ಯಾ" ಅಂದ ಹಾಗೆ.

ಈ ಫ್ರಿಗೇಟು ಅವನ ಕಡೆಯದು. ತಿಂಗಳು ಮುಗಿದರೆ ನಿವೃತ್ತಿ. ಈ ಸಲ ಜಾಗ ಸಿಕ್ಕಿತ್ತು. ಗುರುವಾರ ಬೆಳಗಿನ ಭರತಕ್ಕೆ, ಕಡಲು ಉಬ್ಬಿದ ಹೊತ್ತಿಗೆ, ಹೊರಡುವುದೆಂದು ನಿಶ್ಚಯವಾಗಿತ್ತು.

ಬುಧವಾರ ಸಂಜೆ ಹೆಂಡತಿ ಡೆಲ್ಫಿನಾ ಮೊಲ ಬೇಯಿಸಿದಳು. ರೀವಾದಿಂದ ತಂದ ಕಪ್ಪು ಆಲಿವ್, ಪೈನ್ ಬೀಜ, ರೋಸ್‌ಮರಿ, ಒಂದು ಬಟ್ಟಲು ದ್ರಾಕ್ಷಾರಸ. ಅವರ ಸೀಮೆಯಲ್ಲಿ ಶುಭಕ್ಕೆ ಇದಕ್ಕಿಂತ ದೊಡ್ಡ ಅಡುಗೆ ಇಲ್ಲ. ದೊಡ್ಡ ಪಾತ್ರೆಯ ತುಂಬ ಮಾಡಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ ಕೊಟ್ಟಳು.

"ಎಲ್ಲರಿಗೂ ಬಡಿಸು. ಒಬ್ಬನೇ ಮೂಲೇಲಿ ಕೂತು ತಿನ್ಬೇಡ, ನಿನ್ನ ಬುದ್ಧಿ ಗೊತ್ತು ನಂಗೆ."

"ಆ ಬೆಣ್ಣೆಮುಕ್ಕರಿಗೆ ಆಲಿವ್ ರುಚಿ ಏನ್ ಗೊತ್ತಾಗುತ್ತೆ?"

"ಬೈಕೊಂಡೇ ಬಡಿಸು, ಪರವಾಗಿಲ್ಲ."

ಬೆಳಗ್ಗೆ ಜಿನುಗುಮಳೆಯಲ್ಲಿ ಎರಾಸ್ಮೊ ಪಾತ್ರೆ ತಬ್ಬಿಕೊಂಡು ಹಡಗು ಹತ್ತಿದ. ಕೆಳಗೆ ಎಂಜಿನ್ ಕೋಣೆಯ ಪಕ್ಕದ ಓಣಿಯಲ್ಲಿ ಆಳುಗಳು ಕಾಫಿ ಕುಡಿಯುತ್ತಾ ನಿಂತಿದ್ದರು. ಅವರ ಮೇಸ್ತ್ರಿ ಗೂಲ್ವೆನ್. ಬ್ರಿಟನಿಯಲ್ಲೇ ಹುಟ್ಟಿ ಬೆಳೆದ ಬ್ರೆಟನ್ ಮನುಷ್ಯ, ಮೊದಲು ನೌಕಾಪಡೆಯಲ್ಲಿದ್ದವನು, ಬಾಗಿಲು ತುಂಬುವ ಮೈ. ಪರೀಕ್ಷಾ ಯಾನದಲ್ಲಿ ಹಗ್ಗ ಬಿಚ್ಚುವವರಿಂದ ಪಂಪು ನೋಡುವವರವರೆಗೆ ಎಲ್ಲ ಅವನ ಆಳುಗಳು. ಇಬ್ಬರೂ ವರ್ಷಗಟ್ಟಲೆ ಒಬ್ಬರಿಗೊಬ್ಬರು ಬಯ್ದುಕೊಂಡು ಸ್ನೇಹಿತರಾಗಿದ್ದರು.

"ಏನೋ ಮುದುಕ, ಮನೆ ಖಾಲಿ ಮಾಡ್ಕೊಂಡು ಬಂದ್ಯಾ?" ಎಂದ ಗೂಲ್ವೆನ್, ಪಾತ್ರೆ ನೋಡಿ.

"ನಿನ್ನ ಹೊಟ್ಟೆ ನೋಡಿ ಡೆಲ್ಫಿನಾಗೆ ಅಯ್ಯೋ ಅನ್ಸಿದೆ. ಮಧ್ಯಾಹ್ನಕ್ಕೆ ಎಲ್ಲರಿಗೂ."

ಗೂಲ್ವೆನ್ ಬಟ್ಟೆ ಬಿಚ್ಚಿ ಮುಚ್ಚಳ ಎತ್ತಿ ಮೂಸಿದ. ಮುಖ ಅರಳಿತು. "ಆಹಾ. ಕೋಳಿನಾ?"

"ಕೋಳಿ ಯಾರಿಗ್ ಬೇಕಯ್ಯಾ? ಮೊಲ."

ಓಣಿಯಲ್ಲಿ ಕಾಫಿ ಹೀರುವ ಸದ್ದು ನಿಂತಿತು. ಗೂಲ್ವೆನ್ ಮುಚ್ಚಳವನ್ನು ಹೆಣದ ಮುಖ ಮುಚ್ಚುವ ಹಾಗೆ ಮೆಲ್ಲಗೆ ಮುಚ್ಚಿದ. ಪಂಪಿನವನೊಬ್ಬ ಲೋಟ ಕೆಳಗಿಟ್ಟು, ಕೋಟು ತಗೊಂಡು ಏಣಿ ಹತ್ತಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಎಲ್ಲರೂ.

"ಎಲ್ಲಿಗ್ ಹೋಗ್ತಾ ಇದಾರೆ ಇವ್ರು?" ಎಂದ ಎರಾಸ್ಮೊ.

"ದಡಕ್ಕೆ," ಎಂದ ಗೂಲ್ವೆನ್. "ಆ ಪ್ರಾಣೀನ ಹಡಗಿಗೆ ತರಬಾರ್ದು. ತಂದ್ರೂ ಹೆಸರು ಹೇಳ್ಬಾರ್ದು. ನೀನು ಎರಡನ್ನೂ ಮಾಡ್ದೆ."

"ಯಾವ ಪ್ರಾಣಿ? ಮೊ..."

ಗೂಲ್ವೆನ್ ಅವನ ಬಾಯಿಗೆ ಅಂಗೈ ಅಡ್ಡ ಹಿಡಿದ. "ಉದ್ದ ಕಿವೀದು ಅನ್ನು."

ಎರಾಸ್ಮೊ ಆ ಕೈ ಕಿತ್ತುಹಾಕಿದ. "ಕಳೆದ ಭಾನುವಾರ ನಿನ್ನ ಮನೇಲಿ ನಿನ್ನ ಹೆಂಡತಿ ಸಾಸಿವೆ ಹಾಕಿ ಇದನ್ನೇ ಬಡಿಸಲಿಲ್ವಾ? ಎರಡು ತೊಡೆ ನೀನೊಬ್ಬನೇ ನುಂಗಿದೆ, ನಾನು ಕಣ್ಣಾರೆ ನೋಡಿದೀನಿ."

"ಅದು ನೆಲ."

"ಈ ಪಾತ್ರೆಯೊಳಗಿರೋದನ್ನ ಮಾರಿದ್ದು ಯಾರು ಗೊತ್ತಾ? ಮಾರ್ಕೆಟ್ಟಿನಲ್ಲಿ ನಿನ್ನ ಹೆಂಡತಿ ತಮ್ಮ."

"ಅವನೂ ನೆಲದ ಮೇಲೇ ಮಾರಿದ್ದು. ಇದು ಹಡಗು." ಗೂಲ್ವೆನ್‌ಗೆ ಸಿಟ್ಟು ಬಂದಿರಲಿಲ್ಲ. ಸಾವಿನ ಮನೆಯಲ್ಲಿ ಮಾತಾಡುವವರ ದನಿಯಲ್ಲಿ ಹೇಳುತ್ತಿದ್ದ, ಎರಾಸ್ಮೊನ ಮೈ ಉರಿದದ್ದು ಅದಕ್ಕೇ. "ನಮ್ಮ ತಾತಂದಿರ ಕಾಲದಲ್ಲಿ ಅಡುಗೆಗೆ ಅಂತ ಜೀವಂತ ಒಯ್ತಿದ್ರು. ಬೋನಿಂದ ತಪ್ಪಿಸ್ಕೊಂಡು ಹಗ್ಗ ಕಡಿದು, ಹಲಗೆ ಸಂದಿನ ನಾರು ಕಡಿದು, ಹಡಗೇ ಮುಳುಗಿಸ್ತಿದ್ವು."

"ಮಾರಾಯ, ಇದು ಉಕ್ಕಿನ ಹಡಗು. ಇದರಲ್ಲಿ ಹಾಯಿಹಗ್ಗ ಎಲ್ಲಿದೆ, ನಾರು ಎಲ್ಲಿದೆ? ಉಕ್ಕು ಕಡಿಯೋ ಅಂಥದ್ದು ಒಂದಿದ್ರೆ ತೋರ್ಸು, ನಾಳೇನೇ ಕಾರ್ಖಾನೆಗೆ ಸೇರಿಸ್ಕೋತೀನಿ. ಅದೂ ಅಲ್ದೆ ಇದು ಬೆಂದಿದೆ. ಆಲಿವ್ ಜೊತೆ ಬೆಂದಿದೆ. ಎದ್ದು ಬಂದು ಏನ್ ಕಡಿಯುತ್ತೆ?"

ಗೂಲ್ವೆನ್ ಏಣಿ ಹತ್ತಿದ.

ದಡದಲ್ಲಿ ಆಳುಗಳು ಮಳೆಯಲ್ಲೇ ಸಾಲಾಗಿ ನಿಂತು ಬೀಡಿ ಸುತ್ತುತ್ತಿದ್ದರು. ಒಬ್ಬೊಬ್ಬರೂ ಅಲ್ಲಿದ್ದ ಮರದ ದಿಮ್ಮಿಯೊಂದನ್ನು ಬೆರಳಲ್ಲಿ ಮುಟ್ಟಿ ಮುಂದೆ ಹೋಗುತ್ತಿದ್ದರು. ಕೆಟ್ಟದ್ದು ತಟ್ಟದಿರಲೆಂದು ಮರ ಮುಟ್ಟುವುದು ಅವರ ರೂಢಿ. ಗೂಲ್ವೆನ್ ಬರಿ ಮುಟ್ಟಲಿಲ್ಲ, ಅದರ ಮೇಲೇ ಕೂತುಬಿಟ್ಟ. ಎರಾಸ್ಮೊ ಅವರೆದುರು ಪಾತ್ರೆ ಹಿಡಿದುಕೊಂಡು ಅತ್ತಿಂದಿತ್ತ ನಡೆದ.

"ಶಬ್ದಕ್ಕಿಂತ ಜೋರಾಗಿ ಹಾರೋ ಕ್ಷಿಪಣಿ ಹಾಕಿದೀರಿ ಈ ಹಡಗಿಗೆ. ನೀರಿನ ಕೆಳಗೆ ಮೀನು ಕೆಮ್ಮಿದ್ರೆ ಕೇಳೋ ಕಿವಿ ಹಾಕಿದೀರಿ. ಶತ್ರು ಬರೋದೇ ಬೇಡ ಬಿಡಿ, ಒಂದು ಸೌಟು ಸಾರು ತಂದ್ರೆ ಸಾಕು, ಇಡೀ ಪಡೆ ಶರಣು."

"ಕೂಗಾಡ್ಬೇಡ ಮುದುಕ," ಎಂದ ಒಬ್ಬ. "ಪಾತ್ರೆ ದೂರ ಇಡು."

"ಇಡಲ್ಲ."

ಇಷ್ಟರಲ್ಲಿ ಇಟಲಿ ಕಂಪನಿಯ ಪ್ರತಿನಿಧಿ ಪಿತ್ತಲೂಗ ಕೊಡೆ ಹಿಡಿದು ಓಡಿಬಂದ. ಓದಿದ ಮನುಷ್ಯ, ಎಲ್ಲರೂ ದೊತ್ತೊರೆ ಎಂದೇ ಕರೆಯುವುದು. ಅವನು ಫ್ರೆಂಚ್ ಅಧಿಕಾರಿಗಳ ಹತ್ತಿರ ಹೋದ, ಅವರು ಭುಜ ಕುಣಿಸಿದರು. ಕಡಲಿಗೆ ಹೋಗುವವರನ್ನು ಇದರಲ್ಲಿ ಬಲವಂತ ಮಾಡಲಾಗದು ಎಂದರು. ನೋಡುತ್ತಿದ್ದ ಹಾಗೆ ಎಳೆದೋಣಿಗಳು ಹಗ್ಗ ಬಿಚ್ಚಿಕೊಂಡು ಹಿಂದಕ್ಕೆ ಹೋದವು. ಭರತ ಇಳಿಯಿತು. ಹಡಗು ನಿಂತಲ್ಲೇ ನಿಂತಿತು.

ಎರಾಸ್ಮೊ ಪಾತ್ರೆ ತಬ್ಬಿಕೊಂಡು ಇಳಿಯುತ್ತಿದ್ದ ನೀರು ನೋಡಿದ. ವೀಕ್ಷಕ ತಪ್ಪಿಸಿದ, ಅಳಿಯ ತಪ್ಪಿಸಿದ, ಈಗ ಮೊಲ. ಇದಕ್ಕಿಂತ ಕೆಳಗೆ ಇನ್ನೇನಿದೆ?

ಗೂಲ್ವೆನ್ ಎದ್ದು ಬಂದ. "ನೋಡು, ಹೊಸ ಭರತ ಬಂದ್ರೆ ಇವತ್ತಿನ ಮಾತು ತೊಳೆದು ಹೋಗುತ್ತೆ. ನನ್ನ ಹುಡುಗರಿಗೆ ನಾನು ಹೇಳ್ತೀನಿ. ನಾಳೆ ಹೊರಡೋಣ. ನೀನೂ ಬಾ. ಆದ್ರೆ ಹಡಗಿನ ಮೇಲೆ ಬಾಯಿ ಬಿಡ್ಬಾರ್ದು. ಒಂದು ಶಬ್ದ ಕೂಡ."

"ನಾಚ್ಕೆ ಆಗಲ್ವೇನಯ್ಯಾ ನಿನಗೆ? ದಿನಾಂಕ, ಪ್ರಾಣಿ, ಬೆಕ್ಕು ಅಂತ ನಂಬ್ಕೊಂಡು ಕೂರೋ ಕಾಲವಾ ಇದು? ನಮ್ಮ ದೇಶದಲ್ಲಿ ಹೀಗೆ ಯಾರಾದ್ರೂ ಮಾಡಿದ್ರೆ ಬೀದಿ ಮಕ್ಕಳು ಕಲ್ಲು ಹೊಡೀತಾರೆ." ಎಲ್ಲರಿಗೂ ಕೇಳಲೆಂದು ದನಿ ಎತ್ತಿ ಹೇಳಿದ.

"ಸರಿ. ನಾಳೆ ಬಾ," ಎಂದಷ್ಟೇ ಹೇಳಿ ಗೂಲ್ವೆನ್ ಹೋದ.

ಮನೆಗೆ ಬಂದು ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದ. ಮೊಲವನ್ನು ಗಂಡಹೆಂಡಿರೇ ತಿನ್ನಬೇಕಾಯಿತು. ಎರಾಸ್ಮೊ ತಿನ್ನುತ್ತಾ ಬ್ರೆಟನ್ನರ ಕುಲಗೋತ್ರ ಬಿಡಿಸುತ್ತಿದ್ದ. ಡೆಲ್ಫಿನಾ ಎಲುಬು ಚೀಪುತ್ತಾ ಕೇಳುತ್ತಿದ್ದಳು. ಕೊನೆಗೆ ಅವಳು ಗೋಡೆಯ ಕ್ಯಾಲೆಂಡರು ನೋಡಿ ಎಲುಬು ಕೆಳಗಿಟ್ಟಳು.

"ಇವತ್ತು ಗುರುವಾರ ಅಲ್ವಾ?"

"ಹೂಂ."

"ತಾರೀಕು ಹದಿನಾರು?"

"ಇರಬೇಕು. ಯಾಕೆ?"

ಡೆಲ್ಫಿನಾ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ನಾಳೆಯ ಚೌಕದ ಮೇಲೆ ಬೆರಳಿಟ್ಟಳು. ಎರಾಸ್ಮೊ ಕೈಯ ತುತ್ತನ್ನು ತಟ್ಟೆಗೆ ವಾಪಸು ಹಾಕಿದ.

ಹದಿನೇಳು, ಅದೂ ಶುಕ್ರವಾರ. ಅವರ ಕಡೆ ಶುಕ್ರವಾರ, ಮಂಗಳವಾರ ಮದುವೆಯಾಗಬಾರದು, ಪಯಣ ಹೊರಡಬಾರದು ಎಂದು ಹಾಲು ಕುಡಿಯುವಾಗಲೇ ಹೇಳಿಕೊಡುತ್ತಾರೆ. ಹದಿನೇಳಂತೂ ಸಂಖ್ಯೆಯೇ ಅಲ್ಲ, ಶನಿ. ರೀವಾದಲ್ಲಿ ಅವನ ಬೀದಿಯ ಬೆಸಸಂಖ್ಯೆಗಳ ಸಾಲಿನಲ್ಲಿ ಹದಿನೈದನೇ ಮನೆಯಾದ ಮೇಲೆ ಇರುವುದು ಹತ್ತೊಂಬತ್ತನೆಯದು. ಎರಡೂ ಕೂಡಿದ ದಿನ ಅವನ ಅಪ್ಪ ಕೆಲಸಕ್ಕೇ ಹೋಗುತ್ತಿರಲಿಲ್ಲ, ಹಾಸಿಗೆಯಲ್ಲೇ ಮಲಗಿ ಮಂಚದ ಕಬ್ಬಿಣದ ಕಾಲು ಹಿಡಿದುಕೊಂಡಿರುತ್ತಿದ್ದ. ಬ್ರೆಟನ್ನರಿಗೆ ಮರ ಹೇಗೋ ಇಟಲಿಯವರಿಗೆ ಕಬ್ಬಿಣ ಹಾಗೆ. ತನ್ನೆಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದೆಲೆಯ ನೊಣ ಕಾಣುತ್ತದಂತೆ. ಎರಾಸ್ಮೊ ಬೆಳಗ್ಗೆಯಿಂದ ನೊಣ ಹೊಡೆಯುತ್ತಿದ್ದ.

ಫೋನು ಹೊಡೆದುಕೊಂಡಿತು. ಪಿತ್ತಲೂಗ.

"ಎರಾಸ್ಮೊ, ನಾಳೆ ನೀವು... ಹೋಗ್ತೀರಾ?"

"ಯಾಕೆ ದೊತ್ತೊರೆ, ನೀವು ಬರಲ್ವಾ?"

"ನನಗೆ ಪ್ಯಾರಿಸ್ಸಿನಲ್ಲಿ ತುರ್ತು ಸಭೆ. ಈಗಷ್ಟೇ ಬಂತು."

"ನಮ್ಮ ಉಳಿದ ಹುಡುಗರು?"

"ಎಲ್ಲರಿಗೂ ಹೊಟ್ಟೆ ಕೆಟ್ಟಿದೆಯಂತೆ."

"ಮೊಲ ತಿಂದದ್ದು ನಾನು, ಹೊಟ್ಟೆ ಕೆಟ್ಟದ್ದು ಅವರಿಗೆ."

ಪಿತ್ತಲೂಗ ದನಿ ತಗ್ಗಿಸಿದ. "ನೋಡಿ, ಬೇರಿಂಗು ನಮ್ಮದು. ಇಟಲಿಯವನೊಬ್ಬ ನಿಂತು ನೋಡದೆ ಹೋದ್ರೆ ಪರೀಕ್ಷೆ ಲೆಕ್ಕಕ್ಕಿಲ್ಲ. ಮುಂದಿನ ಅವಕಾಶ ಬೇಸಿಗೆ ರಜೆ ಮುಗಿದ ಮೇಲೆ."

"ಅಷ್ಟೊತ್ತಿಗೆ ನಾನು ರೀವಾದ ಬೆಂಚಿನ ಮೇಲೆ ಕೂತು ಪಾರಿವಾಳ ಎಣಿಸ್ತಿರ್ತೀನಿ."

"ಹೌದು. ಯೋಚನೆ ಮಾಡಿ. ಬಲವಂತ ಇಲ್ಲ."

ಫೋನಿಟ್ಟು ಎರಾಸ್ಮೊ ಅಡುಗೆಮನೆಯಲ್ಲಿ ಪಂಜರದ ಹುಲಿಯ ಹಾಗೆ ತಿರುಗಿದ. ಬೇರೆ ಯಾವ ತಾರೀಕೂ ಸಿಗಲಿಲ್ಲವೇ ಆ ಬೋಳೀಮಗ ಗೂಲ್ವೆನ್‌ಗೆ? ಬೇಕೆಂದೇ ಮಾಡಿದನೇ? ಇಲ್ಲ, ಅವನಿಗೆ ಹದಿನೇಳು ಎಂದರೆ ಹದಿನೆಂಟರ ಹಿಂದಿನದು, ಅಷ್ಟೇ. ಅವನಿಗೆ ಹೋಗಿ ಹೇಳಲೇ? ನಿನ್ನ ಉದ್ದ ಕಿವಿಗೆ ನನ್ನ ಹದಿನೇಳು ಸರಿಸಮ, ಶನಿವಾರ ಹೋಗೋಣ ಎನ್ನಲೇ? ದಡದಲ್ಲಿ ನಿಂತು ಅಷ್ಟು ಜನರೆದುರು ಬೀದಿ ಮಕ್ಕಳು ಕಲ್ಲು ಹೊಡೆಯುತ್ತಾರೆ ಎಂದು ಭಾಷಣ ಮಾಡಿದ ಬಾಯಿಂದ?

"ಹೋಗ್ಬೇಡ ಅಂತ ಹೇಳೇ," ಎಂದ ಡೆಲ್ಫಿನಾಗೆ.

"ನಾನ್ಯಾಕೆ ಹೇಳ್ಲಿ? ಆಮೇಲೆ ಸಾಯೋವರೆಗೂ ನನ್ನಿಂದ ತಪ್ಪಿತು ಅಂತ ಬಯ್ಯೋಕಾ?"

"ಹೋಗು ಅಂತಾದ್ರೂ ಹೇಳು."

"ಏನಾದ್ರೂ ಆದ್ರೆ ನಾನೇ ಕಳಿಸಿದೆ ಅಂತ ನಾನು ಬಯ್ಕೋಬೇಕಾ?" ಅವಳು ತಟ್ಟೆ ಎತ್ತಿದಳು. "ದಂಡ ಕೂರಿಸಿದ್ದು ಸರಿಯಾಗಿ ತಾನೇ?"

"ಏನ್ ಪ್ರಶ್ನೆ ಅದು?"

"ಮತ್ತೆ? ಸರಿಯಾಗಿದ್ರೆ ಶುಕ್ರವಾರಾನೂ ಸರಿಯಾಗೇ ಇರುತ್ತೆ. ಇಲ್ದಿದ್ರೆ ಭಾನುವಾರಾನೂ ಕೆಡುತ್ತೆ." ಹೀಗೆಂದವಳೇ ಒಲೆಯ ಕಬ್ಬಿಣದ ಸರಳನ್ನು ಗುಟ್ಟಾಗಿ ಮುಟ್ಟಿದ್ದನ್ನು ಎರಾಸ್ಮೊ ನೋಡಿದ.

ಶುಕ್ರವಾರ ಬೆಳಗ್ಗೆ ಅವನು ಹೋದ. ಕೈಯಲ್ಲಿ ಪಾತ್ರೆ ಇರಲಿಲ್ಲ, ತನ್ನ ಸಾಮಾನಿನ ಚೀಲ ಮಾತ್ರ ಇತ್ತು. ಮುಖ ಸುಣ್ಣದ ಬಣ್ಣ. ದಡದಿಂದ ಹಡಗಿಗೆ ಹಾಕಿದ ಸೇತುವೆ ಹತ್ತುವಾಗ ಎರಡೂ ಕೈಯಿಂದ ಪಕ್ಕದ ಕಬ್ಬಿಣದ ಕಂಬಿ ಹಿಡಿದು, ಮೊದಲ ಸಲ ನಡೆಯುವ ಕೂಸಿನ ಹಾಗೆ ಹತ್ತಿದ. ಗೂಲ್ವೆನ್ ಮೇಲೆ ನಿಂತು ನೋಡುತ್ತಿದ್ದ.

"ನಿಮ್ಮವರು ಯಾರೂ ಬಂದಿಲ್ಲ?"

ಎರಾಸ್ಮೊ ಬಾಯಿ ಬಿಡಲಿಲ್ಲ.

"ಏನೋ ಹದಿನೇಳು ಅಂತೆ. ನಿಮ್ಮ ದೊತ್ತೊರೆಯ ಕಾರಿನ ಚಾಲಕ ಹೇಳ್ದ."

ಎರಾಸ್ಮೊ ತುಟಿ ಬಿಗಿದು ಅವನನ್ನು ದಾಟಿ ಕೆಳಗೆ ಇಳಿದ. ಹಿಂದಿನಿಂದ ನಗು ಬರುತ್ತದೆಂದು ಕಾದ. ಬರಲಿಲ್ಲ.

ಹಡಗು ಬಂದರಿನ ಬಾಯಲ್ಲಿದ್ದ ಕೋಟೆ ದಾಟಿತು, ಅದರಾಚೆಯ ದ್ವೀಪ ದಾಟಿತು. ನೆಲ ತೂಗಾಡತೊಡಗಿತು. ಎರಾಸ್ಮೊ ದಂಡದ ಕೋಣೆಯಲ್ಲಿ, ತಾನು ಕೂರಿಸಿದ ದೊಡ್ಡ ಬೇರಿಂಗಿನ ಪಕ್ಕ ಮಂಡಿಯೂರಿ ಕೂತಿದ್ದ. ಇಷ್ಟು ವರ್ಷ ಕೇಳಬೇಕೆಂದಿದ್ದ ಸದ್ದು ಇನ್ನೇನು ಬರಬೇಕು, ಒಬ್ಬ ಬಂದು ಅವನ ಕಿವಿಗೆ ಎರಡು ದಪ್ಪ ಮುಚ್ಚಳ ಸಿಕ್ಕಿಸಿದ. ಕಡ್ಡಾಯವಂತೆ. ಎರಡೂ ದೇಶದವರು ಸೇರಿ ಮಾಡಿದ ನಿಯಮವಂತೆ. ಈ ಹಡಗಿನಲ್ಲಿ ಎರಡೂ ದೇಶಗಳು ತಕರಾರಿಲ್ಲದೆ ಒಪ್ಪಿಕೊಂಡದ್ದು ಇದೊಂದೇ ಇರಬೇಕು, ಅದೂ ಎರಾಸ್ಮೊನಿಗೆ ಏನೂ ಕೇಳಿಸಬಾರದು ಎಂದು. ಮಾತಾಡುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಅವನು ಮನಸ್ಸಿನಲ್ಲೇ ಎರಡೂ ಸರಕಾರಗಳನ್ನು ತೊಳೆದು ಒಣಗಿಹಾಕಿದ.

ವೇಗ ಏರಿತು. ದಂಡ ತಿರುಗಿ ತಿರುಗಿ ಬೆಳ್ಳಿಯ ಮಂಜಾಯಿತು. ಎರಾಸ್ಮೊ ಬೇರಿಂಗಿನ ಕಬ್ಬಿಣದ ಮೇಲೆ ಅಂಗೈ ಇಟ್ಟ. ಶುಕ್ರವಾರಕ್ಕೆಂದು ಇಟ್ಟ, ಹದಿನೇಳಕ್ಕೆಂದು ಇಟ್ಟ. ಆಮೇಲೆ ಬೇರಿಂಗು ಮೆಲ್ಲಗೆ ಬೆಚ್ಚಗಾಗುತ್ತಾ, ತಾಳ ತಪ್ಪದೆ ನಡುಗುತ್ತಾ ಅಂಗೈಯೊಳಗೆ ಏನೋ ಹೇಳತೊಡಗಿತು. ಅವನು ಕಣ್ಣು ಮುಚ್ಚಿದ. ವಾರೆ ಇಲ್ಲ. ಎಲ್ಲೂ ಇಲ್ಲ.

ಭುಜದ ಮೇಲೆ ಕೈ ಬಿತ್ತು. ಗೂಲ್ವೆನ್. ಮಂಡಿಯೂರಿ ಪಕ್ಕದಲ್ಲಿ ಕೂತು, ಎರಾಸ್ಮೊನ ಒಂದು ಕಿವಿಯ ಮುಚ್ಚಳ ಎತ್ತಿ ಕೂಗಿದ.

"ಬೆಳಗ್ಗೆಯಿಂದ ಹಡಗೆಲ್ಲಾ ಹುಡುಕಿದೆ. ಮುಟ್ಟೋಕೆ ಒಂದು ಚೂರು ಮರ ಇಲ್ಲ. ಮೇಜು ಪ್ಲಾಸ್ಟಿಕ್ಕು, ಬಾಗಿಲು ಕಬ್ಬಿಣ, ಪೊರಕೆ ಕಡ್ಡೀನೂ ಅಲ್ಯೂಮಿನಿಯಮ್ಮು. ನಿನ್ನೆಯ ನಿನ್ನ ಮಾತು ತೊಳೆದು ಹೋಗಿದೆ ಅಂತ ಹುಡುಗರಿಗೆ ಹೇಳಿದೀನಿ. ನನಗೇ ನಂಬಿಕೆ ಇಲ್ಲ."

ಎರಾಸ್ಮೊ ಅವನನ್ನು ದಿಟ್ಟಿಸಿದ. ಬಾಗಿಲು ತುಂಬುವ ಮನುಷ್ಯನ ಹಣೆಯಲ್ಲಿ ಬೆವರಿತ್ತು. ಇವನಿಗೆ ಬಯ್ಯಲು ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರುವುದಿಲ್ಲ. ಎರಾಸ್ಮೊ ಬಲಗೈ ಬೇರಿಂಗಿನಿಂದ ತೆಗೆಯದೆ, ಎಡಗೈಯಲ್ಲಿ ಚೀಲ ತಡಕಾಡಿ ತನ್ನ ಕೊಡತಿ ಹೊರತೆಗೆದ. ರೀವಾದ ಆಲಿವ್ ಮರದ ಹಿಡಿ, ಅಪ್ಪನ ಕಾಲದ್ದು. ಗೂಲ್ವೆನ್‌ನ ಮಡಿಲಿಗೆ ಹಾಕಿದ. ಗೂಲ್ವೆನ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಹಡಗು ಪೂರ್ತಿ ವೇಗಕ್ಕೆ ಹೋಯಿತು. ಒಬ್ಬ ಕಬ್ಬಿಣ ಹಿಡಿದು, ಇನ್ನೊಬ್ಬ ಮರ ಹಿಡಿದು, ಇಬ್ಬರೂ ಮಂಡಿಯೂರಿ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಗೂಲ್ವೆನ್ ಮತ್ತೆ ಮುಚ್ಚಳ ಎತ್ತಿದ.

"ಹೇಗಿದೆ ದಂಡ? ಹೇಳು."

"ಬಾಯಿ ಬಿಡ್ಬೇಡ ಅಂದವನು ನೀನೇ ಅಲ್ವೇನೋ," ಎಂದು ಎರಾಸ್ಮೊ ಕೂಗಿದ. ಕೂಗಿ, ಅವನ ಒಂದು ಕೈಯನ್ನು ಕೊಡತಿಯಿಂದ ಕಿತ್ತು ಎಳೆದು, ಬೇರಿಂಗಿನ ಮೇಲೆ ತನ್ನ ಕೈಯ ಪಕ್ಕದಲ್ಲಿ ಒತ್ತಿ ಹಿಡಿದ.